ನನ್ನ ಗಿಟಾರ್‌ಗೆ ಕಿವಿಯಾದವರು

"ಸಿ ಕಾರ್ಡ್ ಬಂದಾಗಲೆಲ್ಲ ಒಂದನೇ ತಂತಿ ಸದ್ದೇ ಮಾಡ್ತಿಲ್ಲ. ತೋರುಬೆರಳು ತಾಗ್ತಿರಬೇಕು, ಒಂದ್ಸಲ ನೋಡ್ಕೊಳ್ಳಿ."

ನಾನು ಮೊದಲ ಸಲ ಗಿಟಾರ್ ನುಡಿಸಿ, ರೆಕಾರ್ಡ್ ಮಾಡಿ ಆನ್‌ಲೈನ್ ಗೆಳೆಯರಿಗೆ ಕಳಿಸಿದಾಗ ಬಂದ ಮೊದಲ ಉತ್ತರ ಇದು. ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ನುಡಿಯುವ ಹಾಗೆ ತಂತಿಗಳನ್ನು ಒತ್ತಿ ಹಿಡಿಯೋದು, ಒಂದನೇ ತಂತಿ ಅಂದರೆ ಆರರಲ್ಲಿ ಎಲ್ಲಕ್ಕಿಂತ ತೆಳುವಾದದ್ದು. ಬರೀ 40 ಸೆಕೆಂಡಿನ ರೆಕಾರ್ಡಿಂಗ್. ಕಳಿಸೋಕೆ ಮೂರು ದಿನ ಹಿಂದೆಮುಂದೆ ನೋಡಿದ್ದೆ. ಆ ಹೊತ್ತಿಗೆ ಎರಡು ತಿಂಗಳಿಂದ ದಿನವೂ ಸಿ ಕಾರ್ಡ್ ಹಿಡಿಯುತ್ತಿದ್ದೆ, ಅದು ಬಂತು, ಮುಗೀತು ಅಂತಲೇ ಅಂದುಕೊಂಡಿದ್ದೆ. ಉತ್ತರ ಓದಿದ ಕೂಡಲೇ ಗಿಟಾರ್ ತೆಗೆದುಕೊಂಡು ಕಾರ್ಡ್ ಹಿಡಿದು ಐದನೇ ತಂತಿಯಿಂದ ಕೆಳಗೆ ಒಂದೊಂದೇ ತಂತಿ ಮೀಟಿದೆ. ಐದು, ನಾಲ್ಕು, ಮೂರು, ಎರಡು ಎಲ್ಲ ಸರಿಯಾಗಿ ನುಡಿದವು. ಒಂದನೆಯದು ಮಾತ್ರ ಟಪ್ ಅಂತ ಸತ್ತುಹೋಯಿತು. ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್ (ಗಿಟಾರ್‌ನ ಕುತ್ತಿಗೆ, ಅಂದರೆ ನೆಕ್ ಮೇಲೆ ಲೋಹದ ಪಟ್ಟಿಗಳಿಂದ ಆದ ಮನೆ) ಮೇಲೆ ತುದಿಯಲ್ಲಿ ನಿಲ್ಲುವ ಬದಲು ಸ್ವಲ್ಪ ಮಲಗಿತ್ತು, ಅದರ ಮೆತ್ತನೆ ಭಾಗ ಪಕ್ಕದ ತಂತಿಗೆ ಒರಗಿತ್ತು. ಮಣಿಕಟ್ಟನ್ನು ಒಂಚೂರು ಮುಂದಕ್ಕೆ ತಂದು, ಬೆರಳಿನ ಗೆಣ್ಣು ಬಾಗಿಸಿ ತುದಿಯ ಮೇಲೆ ನಿಲ್ಲಿಸಿದೆ. ಆಗ ಆ ತಂತಿ ಎದ್ದು ಬಂತು ನೋಡಿ! ಇಡೀ ಕಾರ್ಡ್‌ನ ಮುಖವೇ ಬೇರೆ ಆಯಿತು.

ಎರಡು ತಿಂಗಳು ನನಗೆ ಯಾಕೆ ಕೇಳಿಸಿರಲಿಲ್ಲ ಅಂತ ಆಮೇಲೆ ತುಂಬಾ ಯೋಚನೆ ಮಾಡಿದೆ. ನುಡಿಸುವಾಗ ಗಮನ ಎಲ್ಲ ಬೆರಳಿನ ಮೇಲಿರುತ್ತೆ, ಮುಂದಿನ ಕಾರ್ಡ್ ಯಾವುದು, ಬೆರಳು ಎಲ್ಲಿಡಬೇಕು, ಸಮಯಕ್ಕೆ ಸರಿಯಾಗಿ ಹೋಗ್ತೀನಾ ಅನ್ನೋ ಲೆಕ್ಕದಲ್ಲಿ ಕಿವಿಗೆ ಜಾಗವೇ ಉಳಿಯಲ್ಲ. ಮನಸ್ಸು ತಾನು ಅಂದುಕೊಂಡ ಸದ್ದನ್ನೇ ಕೇಳಿಸಿಕೊಂಡು ಸುಮ್ಮನಾಗುತ್ತೆ. ಇನ್ನೊಂದು, ಅಕೌಸ್ಟಿಕ್ ಗಿಟಾರ್‌ನ ಸದ್ದು ಮುಂದಕ್ಕೆ ಹೋಗುತ್ತೆ, ಹಿಂದೆ ಕೂತು ನುಡಿಸುವವರಿಗಿಂತ ಎದುರು ಕೂತವರಿಗೇ ಅದು ಸ್ಪಷ್ಟ. ಹಾಗಾಗಿ ಕಲಿಯುವವರಿಗೆ ಎದುರು ಕೂತು ಕೇಳುವ ಒಬ್ಬರು ಬೇಕೇ ಬೇಕು. ನನಗೆ ಹಾಗೆ ಯಾರೂ ಇರಲಿಲ್ಲ. ಆನ್‌ಲೈನ್‌ನಲ್ಲಿ ಸಿಕ್ಕ ಗೆಳೆಯರೇ ಆ ಜಾಗದಲ್ಲಿ ಕೂತರು. ನನ್ನ ಹಾಗೇ ಕಲಿಯುತ್ತಿದ್ದವರು ಕೆಲವರು, ಹತ್ತಾರು ವರ್ಷದಿಂದ ನುಡಿಸುತ್ತಿರುವವರು ಕೆಲವರು. ಅವರಲ್ಲಿ ಒಬ್ಬರ ಮುಖವನ್ನೂ ನಾನು ಇವತ್ತಿನವರೆಗೆ ನೋಡಿಲ್ಲ.

ಶುರುವಿನ ದಿನಗಳಲ್ಲಿ ಎಲ್ಲರಿಗೂ ಇರುವ ಕಷ್ಟ ಬೆರಳ ನೋವು. ಸ್ಟೀಲ್ ತಂತಿ ಹಾಕಿದ ಗಿಟಾರ್‌ನಲ್ಲಿ ಆರೂ ತಂತಿಗಳ ಎಳೆತ ಒಟ್ಟು ಸೇರಿದರೆ 70 ಕೆಜಿಗೂ ಜಾಸ್ತಿ, ನೋವಾಗದೆ ಇರುತ್ತಾ? ನನ್ನದರಲ್ಲಿ ಇದ್ದದ್ದು 12ರ ಸೆಟ್, ಅಂದರೆ ಒಂದನೇ ತಂತಿಯ ದಪ್ಪ 0.012 ಇಂಚು. 11ರ ಸೆಟ್ ಹಾಕಿಕೊಳ್ಳಿ, ಕೈ ಗಟ್ಟಿಯಾದ ಮೇಲೆ ಬೇಕಾದರೆ ವಾಪಸ್ ಬರಬಹುದು ಅಂತ ಗೆಳೆಯರು ಅಂದರು. ಹಾಕಿದೆ, ವ್ಯತ್ಯಾಸ ಗೊತ್ತಾಯಿತು. ಆದರೆ ಅದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಒಂದು ಸಣ್ಣ ಪ್ರಯೋಗ. ಒಂದು ತಂತಿಯ ಮೇಲೆ ಬೆರಳು ಸುಮ್ಮನೆ ಇಟ್ಟು ಮೀಟುತ್ತಾ ಇರಬೇಕು, ನಿಧಾನವಾಗಿ ಒತ್ತಡ ಹೆಚ್ಚಿಸುತ್ತಾ ಹೋಗಬೇಕು. ಮೊದಲು ಬರೀ ಟಪ್ ಟಪ್, ಆಮೇಲೆ ಝರ್ ಅನ್ನೋ ಸದ್ದು, ಆಮೇಲೆ ಒಂದು ಹಂತದಲ್ಲಿ ಸ್ವರ ತಿಳಿಯಾಗುತ್ತೆ. ಅಲ್ಲಿಗೆ ಸಾಕು. ಅದರ ಮೇಲೆ ಒತ್ತಿದ್ದೆಲ್ಲ ದಂಡ. ಬೆರಳನ್ನು ಫ್ರೆಟ್‌ನ ಲೋಹದ ಪಟ್ಟಿಗೆ ಹತ್ತಿರ ಇಟ್ಟು ಮಾಡಿದರೆ ಆ ಹಂತ ಇನ್ನೂ ಬೇಗ ಬರುತ್ತೆ. ನಾನು ಬೇಕಾಗಿದ್ದಕ್ಕಿಂತ ದುಪ್ಪಟ್ಟು ಒತ್ತುತ್ತಿದ್ದೆ ಅಂತ ಆವತ್ತು ಗೊತ್ತಾಯಿತು. ದಿನಕ್ಕೆ 15 ನಿಮಿಷದಂತೆ ಎರಡು ಸಲ ಕೂರೋಕೆ ಶುರು ಮಾಡಿದೆ, ಒಂದು ತಿಂಗಳೊಳಗೆ ಬೆರಳ ತುದಿಯ ಚರ್ಮ ಗಟ್ಟಿಯಾಯಿತು, ನೋವಿನ ಮಾತು ಅಲ್ಲಿಗೆ ಮುಗಿಯಿತು.

ಕಾರ್ಡ್‌ನಿಂದ ಕಾರ್ಡ್‌ಗೆ ಹೋಗೋದು ಕೂಡ ಹಾಗೇ. ಒಂದು ನಿಮಿಷ ಗಡಿಯಾರ ಇಟ್ಟುಕೊಂಡು ಎರಡು ಕಾರ್ಡ್‌ಗಳ ನಡುವೆ ಎಷ್ಟು ಸಲ ಓಡಾಡ್ತೀವಿ ಅಂತ ಎಣಿಸುವ ಅಭ್ಯಾಸ ಇದೆ. ಎ ಮೈನರ್‌ನಿಂದ ಸಿ ಗೆ ನನ್ನ ಲೆಕ್ಕ 14 ದಾಟುತ್ತಲೇ ಇರಲಿಲ್ಲ. ಕೈ ಮಾತ್ರ ಕಾಣುವ ಹಾಗೆ ವಿಡಿಯೋ ಮಾಡಿ ಕಳಿಸಿದೆ. ಅದೇ ರಾತ್ರಿ ಒಬ್ಬರು ಬರೆದರು: "ಎಲ್ಲ ಬೆರಳೂ ಯಾಕೆ ಎತ್ತುತ್ತಾ ಇದ್ದೀರಿ? ಎರಡು ಬೆರಳು ಆಗಲೇ ಸರಿಯಾದ ಜಾಗದಲ್ಲಿವೆ." ಹೌದಲ್ವಾ! ಎ ಮೈನರ್‌ನಲ್ಲಿ ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್‌ನಲ್ಲಿ, ಮಧ್ಯದ ಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ ಇರುತ್ತೆ. ಸಿ ಯಲ್ಲೂ ಅವು ಅಲ್ಲೇ. ಉಂಗುರದ ಬೆರಳೊಂದು ಮೂರನೇ ತಂತಿ ಬಿಟ್ಟು ಐದನೇ ತಂತಿಯ ಮೂರನೇ ಫ್ರೆಟ್‌ಗೆ ಹೋದರೆ ಆಯಿತು. ಪುಸ್ತಕದ ಚಿತ್ರದಲ್ಲಿ ಎರಡೂ ಕಾರ್ಡ್ ಅಕ್ಕಪಕ್ಕದಲ್ಲೇ ಇದ್ದವು, ನಾನು ನೋಡಿದ್ದೆ ಕೂಡ, ಆದರೆ ಒಂದೊಂದು ಕಾರ್ಡನ್ನೂ ಬೇರೆ ಬೇರೆ ಪಾಠ ಅಂತ ಕಲಿತಿದ್ದರಿಂದ ಅವುಗಳ ನಡುವಿನ ನಂಟು ಕಣ್ಣಿಗೆ ಬಿದ್ದಿರಲಿಲ್ಲ. ಒಂದು ವಾರದಲ್ಲಿ 14 ಹೋಗಿ 40 ಆಯಿತು.

ಈಗ ಎಫ್ ಕಾರ್ಡ್ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಡಿಸಿ ಹೇಳಲೇಬೇಕು. ಎಷ್ಟೋ ಜನ ಗಿಟಾರ್ ಮೂಲೆಗಿಡುವುದು ಇಲ್ಲೇ, ಮತ್ತು ಅವರಲ್ಲಿ ಕೆಲವರದ್ದಾದರೂ ಏನೂ ತಪ್ಪಿರುವುದಿಲ್ಲ.

ಎಫ್ ಅಂದರೆ ತೋರುಬೆರಳನ್ನು ಮೊದಲ ಫ್ರೆಟ್‌ನಲ್ಲಿ ಆರೂ ತಂತಿಗಳ ಮೇಲೆ ಅಡ್ಡ ಇಟ್ಟು, ಉಳಿದ ಮೂರು ಬೆರಳಲ್ಲಿ ಇ ಕಾರ್ಡ್‌ನ ಆಕಾರ ಹಿಡಿಯಬೇಕು. ನನಗೆ ಮೂರು ತಿಂಗಳಾದರೂ ಬರಲಿಲ್ಲ. ಎರಡನೇ ತಂತಿ ಸತ್ತೇ ಇರುತ್ತಿತ್ತು, ಹೆಬ್ಬೆರಳ ಬುಡದಲ್ಲಿ ನೋವು ಬರುತ್ತಿತ್ತು. ನನ್ನ ಕೈಗೆ ಶಕ್ತಿ ಇಲ್ಲ, ಬೆರಳು ಸಣ್ಣ, ಇದು ನನಗಲ್ಲ ಅನ್ನುವಲ್ಲಿಗೆ ಬಂದಿದ್ದೆ. ಹಾಗಂತಲೇ ಬರೆದೂ ಬಿಟ್ಟೆ. ಆಗ ಬಂದ ಉತ್ತರಗಳು ನನ್ನನ್ನು ಉಳಿಸಿದವು.

ಒಬ್ಬರು ಹೇಳಿದ್ದು: ತೋರುಬೆರಳು ಆರೂ ತಂತಿಯನ್ನು ಒತ್ತಬೇಕಾಗಿಲ್ಲ. ಐದು, ನಾಲ್ಕು, ಮೂರನೇ ತಂತಿಗಳನ್ನು ಬೇರೆ ಬೆರಳುಗಳು ಮುಂದೆ ಹಿಡಿದಿವೆ. ತೋರುಬೆರಳಿನ ಕೆಲಸ ಆರು, ಎರಡು, ಒಂದು ಈ ಮೂರೇ ತಂತಿ. ನಡುವಿನ ಭಾಗ ಸಡಿಲ ಇದ್ದರೂ ನಡೆಯುತ್ತೆ. ಇನ್ನೊಬ್ಬರು ಹೇಳಿದ್ದು: ಬೆರಳಿನ ಮೆತ್ತನೆ ಮುಂಭಾಗ ಬೇಡ, ಹೆಬ್ಬೆರಳ ಕಡೆಗೆ ಸ್ವಲ್ಪ ಹೊರಳಿಸಿ, ಆ ಪಕ್ಕದಲ್ಲಿ ಎಲುಬು ಗಟ್ಟಿಯಾಗಿದೆ, ಗೆಣ್ಣಿನ ಸಂದಿಗೆ ತಂತಿ ಸಿಕ್ಕಿಕೊಳ್ಳಲ್ಲ. ಬರೀ ಹೆಬ್ಬೆರಳಲ್ಲಿ ಹಿಂಡಬೇಡಿ, ಮೊಣಕೈಯನ್ನು ಹಿಂದಕ್ಕೆ ಎಳೆದರೆ ತೋಳಿನ ಭಾರವೇ ಕೆಲಸ ಮಾಡುತ್ತೆ.

ಮೂರನೆಯವರು ಕೈ ಬಗ್ಗೆ ಏನೂ ಹೇಳಲೇ ಇಲ್ಲ. ಅವರು ಕೇಳಿದ್ದು ಗಿಟಾರ್ ಬಗ್ಗೆ. "ಮೊದಲ ಫ್ರೆಟ್‌ಗೆ ಕೇಪೋ ಹಾಕಿ, ಅದೇ ಆಕಾರವನ್ನು ಎರಡನೇ ಫ್ರೆಟ್‌ನಲ್ಲಿ ಹಿಡಿದು ನೋಡಿ. ಏನಾಗುತ್ತೆ ಹೇಳಿ." ಕೇಪೋ ಅಂದರೆ ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್. ಹಿಡಿದೆ. ಆರು ತಂತಿಯೂ ನುಡಿಯಿತು. ನಂಬಿಕೆ ಬರದೆ ಕೈ ತೆಗೆದು ಮತ್ತೆ ಹಿಡಿದೆ, ಮತ್ತೆ ನುಡಿಯಿತು. ಹಾಗಾದರೆ ನಿಮ್ಮ ಕೈ ಸರಿಯಾಗಿದೆ, ನಟ್ ನೋಡಿ ಅಂದರು. ನಟ್ ಅಂದರೆ ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಆ ಬಿಳಿ ಪಟ್ಟಿ. ಅದರ ಸೀಳುಗಳು ಸಾಕಷ್ಟು ಆಳ ಇಲ್ಲದಿದ್ದರೆ ಮೊದಲ ಫ್ರೆಟ್ ಹತ್ತಿರ ತಂತಿ ತುಂಬಾ ಎತ್ತರದಲ್ಲಿರುತ್ತೆ. ನಟ್‌ಗೆ ಅಷ್ಟು ಹತ್ತಿರದಲ್ಲಿ ಬಗ್ಗಿಸೋಕೆ ಅಲ್ಲಿ ಉದ್ದವೂ ಇಲ್ಲ, ಹಾಗಾಗಿ ಎಷ್ಟು ಒತ್ತಿದರೂ ಸಾಲದು. ಕೇಪೋ ಹಾಕಿದ ಕೂಡಲೇ ನಟ್ ಆಟದಿಂದ ಹೊರಗೆ ಹೋಗುತ್ತೆ, ಅದಕ್ಕೇ ಸುಲಭ ಆಗಿದ್ದು.

ಪರೀಕ್ಷೆ ಮಾಡುವ ರೀತಿಯನ್ನೂ ಹೇಳಿಕೊಟ್ಟರು. ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿದು, ಮೊದಲ ಫ್ರೆಟ್‌ನ ಲೋಹಕ್ಕೂ ತಂತಿಗೂ ನಡುವೆ ಎಷ್ಟು ಜಾಗ ಇದೆ ಅಂತ ಬಗ್ಗಿ ನೋಡಬೇಕು. ಕೂದಲೆಳೆಯಷ್ಟು ಇದ್ದರೆ ಸರಿ. ನನ್ನದರಲ್ಲಿ ದೂರದಿಂದಲೇ ಬೆಳಕು ಕಾಣುತ್ತಿತ್ತು. ಸೀಳು ನೀವೇ ಉಜ್ಜೋಕೆ ಹೋಗಬೇಡಿ, ಒಂದು ಸಲ ಆಳ ಜಾಸ್ತಿಯಾದರೆ ಬರೀ ತಂತಿ ಮೀಟಿದರೂ ಝರ್ ಅನ್ನುತ್ತೆ, ಗಿಟಾರ್ ರಿಪೇರಿ ಗೊತ್ತಿರುವವರ ಹತ್ತಿರವೇ ಕೊಡಿ ಅಂತ ಒತ್ತಿ ಹೇಳಿದರು. ಕೊಟ್ಟೆ. ಅವರು ನಟ್ ಜೊತೆಗೆ ಸ್ಯಾಡಲ್ (ಇನ್ನೊಂದು ಕೊನೆಯಲ್ಲಿ ತಂತಿಗಳು ಕೂರುವ ಪಟ್ಟಿ) ಕೂಡ ಸ್ವಲ್ಪ ತಗ್ಗಿಸಿ, 12ನೇ ಫ್ರೆಟ್ ಮೇಲೆ ಆರನೇ ತಂತಿ ಸುಮಾರು 2.5 ಮಿಲಿಮೀಟರ್ ಎತ್ತರದಲ್ಲಿ ಇರುವ ಹಾಗೆ ಮಾಡಿಕೊಟ್ಟರು. ವಾಪಸ್ ತಂದ ದಿನ ಎಫ್ ಹಿಡಿದೆ. ಬಂತು. ಪೂರ್ತಿ ತಿಳಿಯಾಗಿ ಅಲ್ಲ, ಆದರೆ ಬಂತು. ಆ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು ಅಂತ ಹೇಳೋಕೆ ನನಗೆ ಸಂಕೋಚ ಇಲ್ಲ. ಮೂರು ತಿಂಗಳು ನನ್ನ ಕೈಯನ್ನೇ ಬೈದುಕೊಂಡಿದ್ದೆ.

ಎಲ್ಲ ಸಲಹೆಯೂ ಹೀಗೆ ಕೆಲಸಕ್ಕೆ ಬರುತ್ತೆ ಅಂತಲ್ಲ. ಸೂಪರ್ ಅಂತ ಬರೆಯುವವರು ಪ್ರೀತಿಯಿಂದಲೇ ಬರೆಯುತ್ತಾರೆ, ಆದರೆ ಅದರಿಂದ ಕೈ ಸುಧಾರಿಸಲ್ಲ. ಇನ್ನು ಸ್ಟ್ರಮ್ಮಿಂಗ್, ಅಂದರೆ ಬಲಗೈಯಲ್ಲಿ ತಂತಿಗಳನ್ನು ಒಟ್ಟಿಗೆ ಬಾರಿಸುವ ಬಗ್ಗೆ ಕೇಳಿದಾಗ ಹತ್ತು ಜನ ಹತ್ತು ಥರ ಹೇಳಿದರು, ಎಲ್ಲವನ್ನೂ ಒಟ್ಟಿಗೆ ಮಾಡೋಕೆ ಹೋಗಿ ಮೊದಲಿದ್ದಿದ್ದೂ ಕೆಟ್ಟಿತು. ಆಮೇಲಿಂದ ವಾರಕ್ಕೆ ಒಂದೇ ಸಲಹೆ ಹಿಡಿದುಕೊಳ್ಳುತ್ತೇನೆ. ಆ ವಾರ ಹಿಡಿದದ್ದು ಇಷ್ಟೇ: ಬಲಗೈ ಎಂದೂ ನಿಲ್ಲಬಾರದು, ತಂತಿಗೆ ತಾಗಲಿ ಬಿಡಲಿ, ಕೆಳಗೆ ಮೇಲೆ ಕೆಳಗೆ ಮೇಲೆ ಅಂತ ಆಡುತ್ತಲೇ ಇರಬೇಕು.

ಶ್ರುತಿ ವಿಷಯದಲ್ಲಿ ನನಗೆ ಬಂದ ಒಂದು ಗೊಂದಲ ಬೇರೆಯವರಿಗೂ ಬಂದಿರಬಹುದು. ಐದನೇ ಫ್ರೆಟ್ ಒತ್ತಿ ಮುಂದಿನ ತಂತಿಯನ್ನು ಕೂಡಿಸುವುದು, ಮೂರನೇ ತಂತಿಗೆ ಬಂದಾಗ ಮಾತ್ರ ನಾಲ್ಕನೇ ಫ್ರೆಟ್ ಒತ್ತುವುದು, ಇದೆಲ್ಲ ಕಲಿತಿದ್ದೆ. ಕಿವಿ ಸ್ವಲ್ಪ ಚುರುಕಾದ ಮೇಲೆ ಇ ಕಾರ್ಡ್ ಯಾಕೋ ಚುಚ್ಚಿದ ಹಾಗೆ ಕೇಳಿಸತೊಡಗಿತು. ಮೂರನೇ ತಂತಿಯನ್ನು ಒಂಚೂರು ಇಳಿಸಿದರೆ ಇ ಕಾರ್ಡ್ ಜೇನಿನಂತೆ ಆಗುತ್ತಿತ್ತು, ಆದರೆ ಆಮೇಲೆ ಸಿ ಹಿಡಿದರೆ ಅದು ಹುಳಿ. ಸಿ ಸರಿ ಮಾಡಿದರೆ ಇ ಕೆಡುತ್ತಿತ್ತು. ಒಂದು ವಾರ ಇದೇ ಕೆಲಸ. ಶ್ರುತಿ ತೋರಿಸುವ ಟ್ಯೂನರ್ ಕೆಟ್ಟಿದೆ ಅಂದುಕೊಂಡೆ. ಕೊನೆಗೆ ಒಬ್ಬರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಗಿಟಾರ್‌ನ ಫ್ರೆಟ್‌ಗಳು ಒಂದು ಸ್ಥಾಯಿಯನ್ನು 12 ಸಮ ಪಾಲು ಮಾಡಿ ಇಟ್ಟವು. ಒಂದು ಪಾಲಿಗೆ 100 ಸೆಂಟ್ ಅಂತ ಲೆಕ್ಕ. ಕಾರ್ಡ್‌ಗೆ ಸಂತೋಷದ ಬಣ್ಣ ಕೊಡುವ ಆ ಮೂರನೇ ಸ್ವರ ಕಿವಿಗೆ ಶುದ್ಧವಾಗಿ ಕೇಳಿಸೋದು ಸುಮಾರು 386 ಸೆಂಟ್‌ನಲ್ಲಿ, ಫ್ರೆಟ್ ಕೊಡೋದು 400ರಲ್ಲಿ. ಇ ಕಾರ್ಡ್‌ನಲ್ಲಿ ಆ ಸ್ವರ ಇರುವುದು ಮೂರನೇ ತಂತಿಯ ಮೊದಲ ಫ್ರೆಟ್‌ನಲ್ಲೇ. ಸಿ ಯಲ್ಲಿ ಅದೇ ತಂತಿ ಬೇರೆ ಕೆಲಸ ಮಾಡುತ್ತೆ, ಅಲ್ಲಿ ಅದು ಇಳಿಯುವ ಹಾಗಿಲ್ಲ. ಎಲ್ಲ ಕಾರ್ಡ್‌ಗೂ ಹೊಂದಲಿ ಅಂತ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಮಾಡಿದ ಏರ್ಪಾಡು ಅದು. ಟ್ಯೂನರ್ ಸರಿಯಾಗಿತ್ತು, ನನ್ನ ಕಿವಿಯೂ ಸರಿಯಾಗಿತ್ತು! ಇದು ಗೊತ್ತಾದಾಗ ಆದ ಖುಷಿ ಹೇಳತೀರದು.

ಈಗ ನಾನೂ ಬೇರೆಯವರ ರೆಕಾರ್ಡಿಂಗ್ ಕೇಳುತ್ತೇನೆ. ಹೆಡ್‌ಫೋನ್ ಹಾಕಿಕೊಂಡು, ಕನಿಷ್ಠ ಮೂರು ಸಲ. ಹೇಳೋಕೆ ಒಂದೇ ವಿಷಯ ಆರಿಸಿಕೊಳ್ಳುತ್ತೇನೆ, ಅದು ಯಾವ ಸೆಕೆಂಡಿನಲ್ಲಿದೆ ಅಂತ ಬರೆಯುತ್ತೇನೆ. ಬೇರೆಯವರ ತಾಳ ಎಲ್ಲಿ ಓಡಿತು ಅಂತ ಕೇಳಿ ಕೇಳಿಯೇ ನನ್ನದು ಓಡುವುದು ಗೊತ್ತಾಗಿದ್ದು. ಕಷ್ಟದ ಜಾಗದಲ್ಲಿ ನಿಧಾನ ಆಗ್ತೀನಿ ಅಂದುಕೊಂಡಿದ್ದೆ, ನಿಜವಾಗಿ ಸುಲಭದ ಜಾಗದಲ್ಲಿ ಓಡುತ್ತಿದ್ದೆ. ಒಂದೇ ಲಯದಲ್ಲಿ ಟಕ್ ಟಕ್ ಅನ್ನುವ ಮೆಟ್ರೋನೋಮ್ ಜೊತೆ ಕೂತಾಗ ಸಂಶಯವೇ ಉಳಿಯಲಿಲ್ಲ.

ಸದ್ಯಕ್ಕೆ ಹಿಡಿದಿರುವುದು ಟ್ರ್ಯಾವಿಸ್ ಪಿಕಿಂಗ್. ಅಮೆರಿಕದ ಗಿಟಾರ್ ವಾದಕ ಮರ್ಲ್ ಟ್ರ್ಯಾವಿಸ್ ಅವರಿಂದ ಬಂದ ಹೆಸರು. ಹೆಬ್ಬೆರಳು ದಪ್ಪ ತಂತಿಗಳ ನಡುವೆ ಹೆಜ್ಜೆ ಹಾಕಿದಂತೆ ಓಡಾಡುತ್ತಾ ಇರುತ್ತೆ, ಅದರ ಮೇಲೆ ಬೆರಳುಗಳು ತೆಳು ತಂತಿಗಳಲ್ಲಿ ರಾಗ ಹೇಳುತ್ತವೆ. ಅವರು ಹೆಬ್ಬೆರಳು ಮತ್ತು ತೋರುಬೆರಳು ಎರಡರಲ್ಲೇ ಅದನ್ನೆಲ್ಲ ನುಡಿಸುತ್ತಿದ್ದರು ಅಂತ ತಿಳಿದಾಗ ದಂಗಾದೆ, ನನಗೆ ಮೂರು ಬೆರಳಿದ್ದರೂ ಸಾಲುತ್ತಿಲ್ಲ. ಸಿ ಯಿಂದ ಎಫ್‌ಗೆ ಹೋಗುವಾಗ ಹೆಬ್ಬೆರಳು ಅರ್ಧ ಕ್ಷಣ ನಿಂತುಬಿಡುತ್ತೆ. ಮೊನ್ನೆ ರೆಕಾರ್ಡಿಂಗ್ ಕಳಿಸಿದ್ದೆ, ಆ ಕಾರ್ಡ್ ಬದಲಾಗುವ ಕಡೆ ಬೆರಳುಗಳನ್ನು ಪೂರ್ತಿ ಬಿಟ್ಟು ಬರೀ ಹೆಬ್ಬೆರಳನ್ನೇ ನೂರು ಸಲ ನುಡಿಸಿ ಅಂತ ಉತ್ತರ ಬಂತು. ಈ ಉತ್ತರ ಬರೆದವರು ಮೊದಲ ಸಲ ನನ್ನ ಒಂದನೇ ತಂತಿ ಹುಡುಕಿಕೊಟ್ಟವರೇ. ಮೆಟ್ರೋನೋಮನ್ನು ನಿಮಿಷಕ್ಕೆ 60 ಬೀಟ್‌ಗೆ ಇಟ್ಟು ನಿನ್ನೆ 100 ಸಲ ಮುಗಿಸಿದೆ. ಇವತ್ತು 64ಕ್ಕೆ ಇಟ್ಟಿದ್ದೇನೆ, 30ರ ತನಕ ಆಗಿದೆ.