ತಾಮ್ರದ ತಂತಿಯಲ್ಲಿ ಹೊಲಿದ ದೋಣಿ

ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇಲ್ಲದೆ ವರ್ಷದ ಮೇಲಾಯಿತು. ಅಲ್ಲಿ ಒಂದು ದೋಣಿ ಇದೆ. 3.3 ಮೀಟರ್ ಉದ್ದ, ಪ್ಲೈವುಡ್ ಮೈ, ಕೆಂಪು ಹಾಯಿ. ಮಿರರ್ ಡಿಂಗಿ ಅಂತಾರೆ ಇದಕ್ಕೆ.

ನಾನು ಹೊನ್ನಾವರದವಳು. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿಗಳನ್ನು ನೋಡುತ್ತಲೇ ಬೆಳೆದೆ. ಆದರೆ ಒಂದು ದಿನವೂ ಚುಕ್ಕಾಣಿ ಹಿಡಿದವಳಲ್ಲ. ಆಕ್ಸ್‌ಫರ್ಡಿಗೆ ಬಂದು ಒಂಬತ್ತು ವರ್ಷ ಕಳೆದ ಮೇಲೆ, ನಲವತ್ತೊಂದನೇ ವಯಸ್ಸಿನಲ್ಲಿ ಆ ಆಸೆ ಹುಟ್ಟಿತು. ಎರಡು ಬೀದಿ ಆಚೆ ಒಬ್ಬ ಹಿರಿಯರ ಹಿತ್ತಲಲ್ಲಿ ಈ ದೋಣಿ ಬೋರಲಾಗಿ ಬಿದ್ದಿತ್ತು. ಹತ್ತು ವರ್ಷದ ಹುಡುಗನಾಗಿದ್ದಾಗ ಅಪ್ಪನ ಜೊತೆ ಕೂತು ತಾವೇ ಕಟ್ಟಿದ್ದು ಅಂದರು. ದುಡ್ಡು ಬೇಡ ಅಂದರು. "ಒಡೆದು ಒಲೆಗೆ ಹಾಕಬೇಡಿ, ನೀರಿಗೆ ಇಳಿಸಿ, ಅಷ್ಟು ಸಾಕು."

ಮನೆಯಲ್ಲೇ ಕೂತು ಕಟ್ಟೋದು ಈ ದೋಣಿಗೆ ಹೊಸದಲ್ಲ. ಇದು ಹುಟ್ಟಿದ್ದೇ ಅದಕ್ಕಾಗಿ. ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್ ಮತ್ತು ದೋಣಿಗಳ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಸೇರಿ ರೂಪಿಸಿದರು. ಡೈಲಿ ಮಿರರ್ ಪತ್ರಿಕೆ ಬೆನ್ನಿಗೆ ನಿಂತಿತು. ಹೆಸರು ಬಂದದ್ದು ಅದರಿಂದ. ಬಿಡಿ ಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸುವ ಕಿಟ್ಟಿನ ಬೆಲೆ 1963ರಲ್ಲಿ 63 ಪೌಂಡ್ 11 ಶಿಲಿಂಗ್. ದೋಣಿ ಅಂದರೆ ದುಡ್ಡಿದ್ದವರ ಆಟ ಆಗಿದ್ದ ದೇಶದಲ್ಲಿ ಮೇಷ್ಟ್ರು, ಗುಮಾಸ್ತರು, ಕಾರ್ಖಾನೆ ಕೆಲಸದವರು ಶೆಡ್ಡಿನಲ್ಲಿ ಕೂತು ದೋಣಿ ಕಟ್ಟಿದರು. ಎಪ್ಪತ್ತು ಸಾವಿರಕ್ಕೂ ಜಾಸ್ತಿ ಮಿರರ್‌ಗಳು ಬಂದಿವೆ. ಈ ವಿಷಯ ನನಗೆ ತುಂಬಾ ಇಷ್ಟ.

ಕಟ್ಟುವ ರೀತಿ ಇನ್ನೂ ಇಷ್ಟ. ಪ್ಲೈವುಡ್ ಹಲಗೆಗಳ ಅಂಚಿಗೆ ಸಣ್ಣ ತೂತು ಕೊರೆದು, ತಾಮ್ರದ ತಂತಿ ತೂರಿಸಿ, ಇಕ್ಕಳದಲ್ಲಿ ತಿರುಚಿ ಬಿಗಿ ಮಾಡೋದು. ಬ್ಲೌಸಿಗೆ ಕಚ್ಚಾ ಹೊಲಿಗೆ ಹಾಕಿದ ಹಾಗೆ. ಆಮೇಲೆ ಒಳಗಡೆ ಸಂದಿಯ ಉದ್ದಕ್ಕೂ ಗ್ಲಾಸ್ ಫೈಬರ್ ಪಟ್ಟಿ ಇಟ್ಟು, ಒಣಗಿ ಗಟ್ಟಿಯಾಗುವ ಅಂಟು, ಅಂದರೆ ರೆಸಿನ್ ಬಳಿಯೋದು.

ಇದನ್ನು ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. "ಮೊಳೆ ಹೊಡೀಲಿಲ್ವನೇ ಇದಕ್ಕೆ?" ಅಂದಳು. ಇಲ್ಲ ಅಂದೆ. "ಹಾಗಾದ್ರೆ ನಮ್ಮ ಕಡೆ ದೋಣಿ ಹಾಗೇ ಆಯ್ತು." ಅಮ್ಮ ಹೇಳಿದ್ದು ಸರಿ. ಪಶ್ಚಿಮ ಕರಾವಳಿಯಲ್ಲಿ ಹಲಗೆಗೆ ಹಲಗೆ ಸೇರಿಸಿ ಕತ್ತದ ಹಗ್ಗದಲ್ಲಿ ಹೊಲಿಯೋದು ಬಹಳ ಹಳೆಯ ವಿದ್ಯೆ. ಅಜಂತಾದ ಚಿತ್ರ ನೋಡಿ ಅದೇ ಪದ್ಧತಿಯಲ್ಲಿ ಹೊಲಿದ ಕೌಂಡಿನ್ಯ ಹಡಗು 2025ರ ಮೇ 21ರಂದು ಕಾರವಾರದಲ್ಲೇ ನೌಕಾಪಡೆಗೆ ಸೇರಿತಲ್ವಾ. ಅಮ್ಮ ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಇಟ್ಟಿದ್ದಳು.

ಈಗ ರಿಪೇರಿ ವಿಷಯ. ಹಳೆ ಪ್ಲೈವುಡ್ ದೋಣಿಯನ್ನು ಕಣ್ಣಿಂದ ನೋಡಿದರೆ ಏನೂ ಗೊತ್ತಾಗೋಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಇಂಚಿಂಚೂ ಒತ್ತಿ ನೋಡಬೇಕು. ಗಟ್ಟಿ ಮರ ಟಕ್ ಅನ್ನುತ್ತದೆ. ಮೂತಿಯ ಎಡಮೂಲೆಯಲ್ಲಿ ಮಾತ್ರ ಸದ್ದೇ ಬರಲಿಲ್ಲ, ತುದಿ ನೆನೆದ ರಸ್ಕಿನೊಳಗೆ ಇಳಿದ ಹಾಗೆ ಇಳಿಯಿತು. ಅಂಗೈ ಅಗಲ ಕೊಳೆತಿತ್ತು. ಒಣ ಮರ ಸಿಗುವ ತನಕ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಿದೆ. ಜನವರಿಯ ಚಳಿಯಲ್ಲಿ ಎಪಾಕ್ಸಿ ಅಂಟು ಹಾಕಿದ್ದು ನನ್ನ ತಪ್ಪು. ಗ್ಯಾರೇಜಿನಲ್ಲಿ 6 ಡಿಗ್ರಿ ಇತ್ತು. ಮೂರು ದಿನ ಕಳೆದರೂ ಜೋನಿಬೆಲ್ಲದ ಹಾಗೆ ಅಂಟಂಟಾಗಿಯೇ ಇತ್ತು. ಎಲ್ಲ ಕೆರೆದು ತೆಗೆದು ಏಪ್ರಿಲ್ ತನಕ ಕಾದೆ.

ಮಿರರ್‌ನ ಮೂತಿಯಲ್ಲಿ, ಎರಡು ಪಕ್ಕದಲ್ಲಿ, ಹಿಂದುಗಡೆ ಮುಚ್ಚಿದ ಗಾಳಿಪೆಟ್ಟಿಗೆಗಳಿವೆ. ಮಗುಚಿದರೂ ದೋಣಿ ಮುಳುಗದೇ ಇರೋದು ಇವುಗಳಿಂದ. ಸಂದಿಗೆಲ್ಲ ಸೋಪುನೀರು ಹಚ್ಚಿ, ಬಿರಡೆಯ ತೂತಿಗೆ ರಬ್ಬರ್ ಕೊಳವೆ ಇಟ್ಟು ಬಾಯಿಂದ ಮೆಲ್ಲಗೆ ಊದಿದೆ. ಪಂಪು ಹಾಕಿ ಜೋರಾಗಿ ಗಾಳಿ ತುಂಬಿದರೆ ಸಂದಿಯೇ ಬಿಟ್ಟುಕೊಳ್ಳಬಹುದು. ಎಡಪಕ್ಕದ ಪೆಟ್ಟಿಗೆಯ ಕೆಳಗೆ, ಒಂದು ತಂತಿ ಹೊಲಿಗೆಯ ಬುಡದಲ್ಲಿ, ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು ಎದ್ದಿತು. ಆ ಹುಡುಗ ತಿರುಚಿದ ತಂತಿಯೋ, ಅವನಪ್ಪ ತಿರುಚಿದ್ದೋ! ಹಸಿರು ಕಟ್ಟಿದ್ದ ಆ ತುದಿಯನ್ನು ಉಜ್ಜಿ, ಮೇಲೆ ಹೊಸ ಪಟ್ಟಿ ಹಾಕಿದೆ. ತಂತಿಯನ್ನು ಮಾತ್ರ ತೆಗೆಯಲಿಲ್ಲ.

ಮೇ ತಿಂಗಳಲ್ಲಿ ಎರಡು ದಿನದ ಕೋರ್ಸು ಮಾಡಿಕೊಂಡು ಆಕ್ಸ್‌ಫರ್ಡ್ ಹತ್ತಿರದ ಫಾರ್ಮೂರ್ ಜಲಾಶಯಕ್ಕೆ ಇಳಿದೆ. ಅಲ್ಲಿ ಸುತ್ತಲೂ ಕಾಂಕ್ರೀಟ್ ದಂಡೆ, ಹಾಗಾಗಿ ಪ್ಲೈವುಡ್ ದೋಣಿ ಇದ್ದವರಿಗೆ ಜೀವ ಕೈಯಲ್ಲೇ. ಹೊಸದಾಗಿ ಕಲಿಯೋರಿಗೆ ಒಂದು ಮಾತು ಹೇಳ್ತೀನಿ. ಹಾಯಿ ಪಟಪಟ ಅನ್ನುವ ತನಕ ಹಗ್ಗ ಸಡಿಲ ಬಿಡಿ, ಆ ಪಟಪಟ ನಿಲ್ಲುವಷ್ಟೇ ಎಳೆಯಿರಿ. ಅದಕ್ಕಿಂತ ಜಾಸ್ತಿ ಬೇಡ. ಗಾಳಿಗೆ ಎದುರಾಗಿ ನೇರ ಹೋಗಲು ಯಾವ ಹಾಯಿದೋಣಿಗೂ ಆಗೋಲ್ಲ. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತಾ ಮೇಲೇರಬೇಕು. ನಮ್ಮ ಘಾಟಿ ರಸ್ತೆ ಹತ್ತುತ್ತದಲ್ಲ, ಹಾಗೆ. ಹಾಯಿ ಸರಿಯಾಗಿ ಕೂತಾಗ ಚುಕ್ಕಾಣಿಯ ಹಿಡಿ ಕೈಯಲ್ಲಿ ಸಣ್ಣಗೆ ಗುಯ್ಗುಡುತ್ತದೆ. ಆ ಗುಯ್ಗುಡೋದನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಕಣ್ಣಲ್ಲಿ ನೀರು ಬಂತು.

ಮೂರನೇ ವಾರ ಮಗುಚಿತು. ಗಾಳಿ ಬೆನ್ನಿಗಿತ್ತು, ನಾನು ದೋಣಿ ತಿರುಗಿಸಿದೆ. ಹಾಯಿಯ ಕೆಳಗಿನ ಮರ ಒಂದೇ ಸಲಕ್ಕೆ ಈ ಪಕ್ಕದಿಂದ ಆ ಪಕ್ಕಕ್ಕೆ ಬೀಸಿತು. ನಾನು ಆಚೆ ಸರಿಯುವುದು ತಡವಾಯಿತು. ನೀರು ಕೊರೆಯುವಷ್ಟು ತಣ್ಣಗಿತ್ತು. ಲೈಫ್ ಜಾಕೆಟ್ ಎತ್ತಿ ಹಿಡಿಯಿತು. ತಲೆ ಮೇಲೆ ಬಂದ ತಕ್ಷಣ ನೋಡಿದ್ದು ಎಡಪಕ್ಕದ ಪೆಟ್ಟಿಗೆಯನ್ನೇ. ದೋಣಿ ಪಕ್ಕಕ್ಕೆ ಮಲಗಿ ಆರಾಮಾಗಿ ತೇಲುತ್ತಿತ್ತು. ತಳದಿಂದ ಹೊರಬರುವ ಹಲಗೆಯ ಮೇಲೆ ಹತ್ತಿ ನಿಂತು, ಅಂಚು ಹಿಡಿದು ಹಿಂದಕ್ಕೆ ಜಗ್ಗಿದೆ. ಕೆಂಪು ಹಾಯಿ ನೀರು ಸುರಿಸಿಕೊಂಡು ಮೆಲ್ಲಗೆ ಎದ್ದಿತು.

ದಡಕ್ಕೆ ಬಂದು ಬಿರಡೆಗಳನ್ನು ಒಂದೊಂದಾಗಿ ತೆಗೆದೆ. ಎಡಪಕ್ಕದ್ದು ಒಣಗಿಯೇ ಇತ್ತು. ಬಲಪಕ್ಕದಿಂದ ಮಾತ್ರ ಅರ್ಧ ಲೋಟ ನೀರು ಬಂತು. ಅದು ಯಾವ ಹೊಲಿಗೆಯಿಂದ ಒಳಗೆ ಹೋಯಿತು ಅಂತ ಈ ಚಳಿಗಾಲ ಮತ್ತೆ ಸೋಪುನೀರು ಹಚ್ಚಿ ಹುಡುಕಬೇಕು.