ಕಣ್ಣಿದ್ದೂ ಕಿವಿಯಿಲ್ಲದ ಊರುಗಳು: ಅಮೆರಿಕದ ಸಣ್ಣ ಪಟ್ಟಣದ ಕಥೆಗಳಲ್ಲಿ ಒಂಟಿತನ

ಅಮೆರಿಕದ ಸಣ್ಣ ಪಟ್ಟಣಗಳ ಕಥೆ-ಕಾದಂಬರಿ ಓದುವವರು ಒಂಟಿತನವನ್ನು ಹೆಚ್ಚಾಗಿ ಹುಡುಕುವುದು ಬಯಲಿನಲ್ಲಿ, ಹಿಮದಲ್ಲಿ, ಖಾಲಿ ಬೀದಿಯಲ್ಲಿ, ರಾತ್ರಿ ರೈಲಿನ ಕೂಗಿನಲ್ಲಿ. ಅವೆಲ್ಲ ಆ ಪುಸ್ತಕಗಳಲ್ಲಿ ಇವೆ, ಸುಳ್ಳಲ್ಲ. ಆದರೆ ಒಳ್ಳೆಯ ಪುಸ್ತಕಗಳಲ್ಲಿ ಯಾರೂ ಜನರಿಲ್ಲದ ಕಾರಣಕ್ಕೆ ಒಂಟಿಯಾಗುವುದಿಲ್ಲ. ಊರಿನ ಎಲ್ಲರಿಗೂ ಎಲ್ಲರ ಹೆಸರು ಗೊತ್ತು, ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರಿತು ಎನ್ನುವುದೂ ಗೊತ್ತು. ಆ ದೀಪದ ಕೆಳಗೆ ಕೂತವರು ಏನು ಹೇಳಬೇಕೆಂದಿದ್ದರು ಎನ್ನುವುದೊಂದು ಮಾತ್ರ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಈ ಬಗೆಯ ಯಾವ ಪುಸ್ತಕ ಹಿಡಿದರೂ ಒಂದು ಪ್ರಶ್ನೆ ಇಟ್ಟುಕೊಂಡು ಓದಬೇಕು: ಒಂಟಿಯಾದವರು ತಮ್ಮ ಮಾತು ಕೇಳಲಿ ಎಂದು ಆರಿಸಿಕೊಂಡದ್ದು ಯಾರನ್ನು? ಆ ಕೇಳುಗನಲ್ಲಿ ಏನೋ ಒಂದು ಕೊರತೆ ಇದ್ದೇ ಇರುತ್ತದೆ. ಇಡೀ ಕಥೆ ನಿಂತಿರುವುದು ಆ ಕೊರತೆಯ ಮೇಲೆ.

ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಷೆರ್ವುಡ್ ಆಂಡರ್ಸನ್ ಬರೆದ ‘ವೈನ್ಸ್‌ಬರ್ಗ್, ಒಹಾಯೋ’ದಲ್ಲಿ (1919). ಆಂಡರ್ಸನ್ ಬೆಳೆದದ್ದು ಒಹಾಯೋದ ಕ್ಲೈಡ್ ಎಂಬ ಪುಟ್ಟ ಊರಿನಲ್ಲಿ. ವೈನ್ಸ್‌ಬರ್ಗ್‌ಗೆ ಮಾದರಿ ಅದೇ. ಬಿಡಿ ಕಥೆಗಳು, ಒಂದೇ ಊರು, ಅನೇಕ ಕಥೆಗಳಲ್ಲಿ ಬಂದುಹೋಗುವ ಒಬ್ಬ ಹುಡುಗ: ಸ್ಥಳೀಯ ಪತ್ರಿಕೆ ‘ಈಗಲ್’ನ ವರದಿಗಾರ ಜಾರ್ಜ್ ವಿಲರ್ಡ್. ಯಾರು ಊರಿಗೆ ಬಂದರು, ಯಾರ ಅಂಗಡಿಗೆ ಹೊಸ ಸರಕು ಬಂತು ಎಂದು ಬರೆದುಕೊಳ್ಳುವುದು ಅವನ ಕೆಲಸ. ಊರಿನವರು ಒಬ್ಬೊಬ್ಬರಾಗಿ ಬಂದು ಮನಸ್ಸು ಬಿಚ್ಚಲು ನೋಡುವುದು ಇವನ ಮುಂದೆ. ಇವನಿಗೋ ಇನ್ನೂ ಹದಿಹರೆಯ. ಅರ್ಧ ಗಮನ ಹುಡುಗಿಯರ ಮೇಲೆ, ಇನ್ನರ್ಧ ಊರು ಬಿಟ್ಟು ಹೋಗುವ ರೈಲಿನ ಮೇಲೆ. ಆಂಡರ್ಸನ್ ಅವರ ಜಾಣ್ಮೆ ಇರುವುದು ಇಲ್ಲೇ. ಜಾರ್ಜ್‌ನ ಜಾಗದಲ್ಲಿ ವಿವೇಕಿಯಾದ ಒಬ್ಬ ಪಾದ್ರಿಯನ್ನು ಕೂರಿಸಿದ್ದರೆ ಪ್ರತಿ ಕಥೆಯೂ ತಪ್ಪೊಪ್ಪಿಗೆಯಾಗಿ, ಸಮಾಧಾನವಾಗಿ ಮುಗಿದುಹೋಗುತ್ತಿತ್ತು.

‘ಕೈಗಳು’ ಕಥೆಯ ವಿಂಗ್ ಬಿಡಲ್‌ಬಾಮ್‌ಗೆ ವಯಸ್ಸು 40, ಕಂಡರೆ 65 ಅನ್ನಬೇಕು. ಹಿಂದೆ ಪೆನ್ಸಿಲ್ವೇನಿಯಾದಲ್ಲಿ ಅಡಾಲ್ಫ್ ಮೈಯರ್ಸ್ ಎಂಬ ಹೆಸರಿನ ಮೇಷ್ಟ್ರಾಗಿದ್ದವನು. ಮಕ್ಕಳ ತಲೆ ಸವರಿ, ಭುಜ ಮುಟ್ಟಿ ಮಾತಾಡುವ ಅಭ್ಯಾಸ. ಒಬ್ಬ ಹುಡುಗನ ಕನಸಿನ ಮಾತಿನಿಂದ ಹುಟ್ಟಿದ ಅಪವಾದಕ್ಕೆ ಊರು ಅವನನ್ನು ಹೊಡೆದು ಓಡಿಸಿತು. ಈಗಿನ ಹೆಸರು ಅವನು ದಾರಿಯಲ್ಲಿ ಸರಕು ನಿಲ್ದಾಣದ ಪೆಟ್ಟಿಗೆಯೊಂದರ ಮೇಲೆ ನೋಡಿ ಇಟ್ಟುಕೊಂಡದ್ದು. ವೈನ್ಸ್‌ಬರ್ಗ್ ಅವನನ್ನು ಬಲ್ಲದ್ದು ಒಂದೇ ದಿನದಲ್ಲಿ 140 ಕ್ವಾರ್ಟ್ ಸ್ಟ್ರಾಬೆರಿ ಕಿತ್ತ ಕೈಗಳ ಒಡೆಯನೆಂದು. ಊರಿಗೆ ಆ ಕೈಗಳ ಬಗ್ಗೆ ಹೆಮ್ಮೆಯೇ ಇದೆ! ಜಾರ್ಜ್‌ಗೆ ಆ ಕೈಗಳ ವಿಷಯ ಕೇಳಬೇಕೆನಿಸುತ್ತದೆ, ಕೇಳುವುದಿಲ್ಲ. ಒಂದು ಸಲ ಮಾತಿನ ಭರದಲ್ಲಿ ವಿಂಗ್‌ನ ಕೈ ಹುಡುಗನ ಭುಜಕ್ಕೆ ಹೋಗುತ್ತದೆ, ಮರುಕ್ಷಣ ಹೆದರಿ ಅವನು ಓಡಿಹೋಗುತ್ತಾನೆ. ಕೇಳುಗ ಸಿಕ್ಕ, ಆದರೆ ಹೇಳಲು ಬೇಕಾದ ಕೈಗಳೇ ನಿಷಿದ್ಧ.

‘ಸಾಹಸ’ದಲ್ಲಿ ಇದೇ ರಚನೆ ಇನ್ನೂ ಬೋಳಾಗಿದೆ. ಜವಳಿ ಅಂಗಡಿಯಲ್ಲಿ ಕೆಲಸ ಮಾಡುವ ಆಲಿಸ್ ಹಿಂಡ್‌ಮನ್, ನಗರಕ್ಕೆ ಹೋದ ನೆಡ್ ಕರಿ ವಾಪಸ್ ಬರುತ್ತಾನೆಂದು ವರ್ಷಗಟ್ಟಲೆ ದುಡ್ಡು ಕೂಡಿಡುತ್ತಾಳೆ. 27ನೇ ವಯಸ್ಸಿನಲ್ಲಿ ಒಂದು ಮಳೆಯ ರಾತ್ರಿ ಮೈಮೇಲೆ ಬಟ್ಟೆಯಿಲ್ಲದೆ ಹೊರಗೆ ಓಡಿ, ದಾರಿಯಲ್ಲಿ ಹೋಗುತ್ತಿದ್ದ ಯಾರನ್ನೋ ಕೂಗುತ್ತಾಳೆ. ಅವನು ಮುದುಕ, ಕಿವಿ ಮಂದ. ಏನಂದೆ ಎಂದು ತಿರುಗಿ ಕೂಗುತ್ತಾನೆ. ಅವಳು ಹುಲ್ಲಿನಲ್ಲಿ ತೆವಳಿಕೊಂಡು ಮನೆ ಸೇರುತ್ತಾಳೆ. ಈ ಮುದುಕನನ್ನು ಕಾಕತಾಳೀಯ ಎಂದು ದಾಟಿಸಿಬಿಡಬಾರದು. ದುಷ್ಟನೊಬ್ಬ ಎದುರಾಗಿದ್ದರೆ ಕಥೆ ಅಪಾಯದ ಕಥೆಯಾಗುತ್ತಿತ್ತು, ಒಳ್ಳೆಯವನಾಗಿದ್ದರೆ ಪ್ರೇಮಕಥೆ. ಕೇಳಿಸದವನು ಬಂದದ್ದರಿಂದ ಅದು ಅವಳೊಬ್ಬಳ ಕಥೆಯಾಗಿಯೇ ಉಳಿಯಿತು.

ಇಡೀ ಪುಸ್ತಕದಲ್ಲಿ ಅತಿ ಕ್ರೂರವಾದ ವಿವರ ಮಾತ್ರ ‘ಸಾವು’ ಕಥೆಯ 800 ಡಾಲರ್. ಜಾರ್ಜ್‌ನ ತಾಯಿ ಎಲಿಜಬೆತ್‌ಗೆ ಅವಳ ಅಪ್ಪ ಸಾಯುವ ಮುಂಚೆ ಆ ಹಣ ಕೊಟ್ಟು, ಗಂಡನಿಗೆ ಹೇಳಬೇಡ, ಬೇಕಾದಾಗ ಇದು ನಿನಗೆ ಬಾಗಿಲು ಎಂದಿದ್ದ. ಮದುವೆಯಾದ ಮೊದಲ ವಾರದಲ್ಲೇ ಅವಳು ಅದನ್ನು ಹಾಸಿಗೆಯ ಕಾಲಬುಡದ ಗೋಡೆಯೊಳಗಿಟ್ಟು ಗಾರೆ ಮೆತ್ತುತ್ತಾಳೆ. ಆ ಹಣದಲ್ಲಿ ಅವಳು ಹೋಗಲಿಲ್ಲ, ಮಗನಾದರೂ ಹೋಗಲಿ ಎಂಬ ಆಸೆ. ಕೊನೆಗೆ ಹೇಳಬೇಕೆನ್ನುವ ಹೊತ್ತಿಗೆ ಪಾರ್ಶ್ವವಾಯು ಬಡಿದು ನಾಲಿಗೆ ಬಿದ್ದುಹೋಗಿರುತ್ತದೆ. ಮಗ ಊರು ಬಿಟ್ಟು ಹೊರಟಾಗ ಹಣ ಗೋಡೆಯಲ್ಲೇ ಇರುತ್ತದೆ. ಅದಕ್ಕೆ ಮೊದಲು ಒಂದೇ ಒಂದು ಸಲ, ಡಾಕ್ಟರ್ ರೀಫಿಯ ಕೋಣೆಯಲ್ಲಿ, ಅವಳ ಮಾತಿಗೆ ಕಿವಿಗೊಡುವ ಮನುಷ್ಯ ಸಿಕ್ಕಿರುತ್ತಾನೆ. ಇಬ್ಬರೂ ಹತ್ತಿರವಾಗುವ ಕ್ಷಣದಲ್ಲೇ ಪಕ್ಕದ ಅಂಗಡಿಯ ಗುಮಾಸ್ತನೊಬ್ಬ ಮೆಟ್ಟಿಲು ಹತ್ತಿ ಬಂದು ಖಾಲಿ ಪೆಟ್ಟಿಗೆಯನ್ನು ಕಸದ ರಾಶಿಗೆ ಧಡ್ ಎಂದು ಎಸೆಯುತ್ತಾನೆ. ಅಲ್ಲಿಗೆ ಮುಗಿಯಿತು. ಆ ಗುಮಾಸ್ತನಿಗೆ ತಾನೇನು ಮಾಡಿದೆನೆಂಬ ಅರಿವೇ ಇಲ್ಲ. ಸಣ್ಣ ಊರಿನ ಕಥೆಯಲ್ಲಿ ಖಳನಾಯಕ ಬೇಕಿಲ್ಲ, ಮೆಟ್ಟಿಲು ಹತ್ತುವ ಗುಮಾಸ್ತ ಸಾಕು.

ಹಾಗಾದರೆ ಬಯಲಿಗೂ ರೈಲಿಗೂ ಏನೂ ಪಾತ್ರವಿಲ್ಲವೇ? ಇದೆ, ಅದು ಲೆಕ್ಕದ ಪಾತ್ರ. ಮಧ್ಯ-ಪಶ್ಚಿಮದ ನೆಲವನ್ನು ಸರ್ಕಾರಿ ಮೋಜಣಿ ಒಂದು ಮೈಲಿ ಚೌಕದ, 640 ಎಕರೆಯ ತುಂಡುಗಳಾಗಿ ಕತ್ತರಿಸಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆ ಅದರ ಕಾಲುಭಾಗವನ್ನು, ಅಂದರೆ 160 ಎಕರೆಯನ್ನು, ಅಲ್ಲೇ ಐದು ವರ್ಷ ವಾಸವಿದ್ದು ಉಳುವವರಿಗೆ ಕೊಟ್ಟಿತು. ಅಲ್ಲೇ ವಾಸ ಎಂಬ ಷರತ್ತನ್ನು ಗಮನಿಸಬೇಕು. ರೈತರು ಒಂದೆಡೆ ಮನೆ ಕಟ್ಟಿಕೊಂಡು ಹೊಲಕ್ಕೆ ಹೋಗಿಬರುವಂತಿರಲಿಲ್ಲ. ಅರ್ಧ ಮೈಲಿ ಬದಿಯ ಆ ಚೌಕದೊಳಗೇ ಮನೆ. ಪಕ್ಕದ ಮನೆ ಎಂದರೆ ಹೆಚ್ಚುಕಡಿಮೆ ಅರ್ಧ ಮೈಲಿ ದೂರ. ವಿಲ್ಲಾ ಕ್ಯಾಥರ್ ಅವರ ‘ಮೈ ಆಂಟೋನಿಯಾ’ದಲ್ಲಿ (1918) ಬೊಹೀಮಿಯಾದಿಂದ ಬಂದ ಪಿಟೀಲುಗಾರ ಶಿಮೆರ್ಡಾ ನೆಬ್ರಾಸ್ಕಾದ ಮೊದಲ ಚಳಿಗಾಲದಲ್ಲೇ ಗುಂಡು ಹೊಡೆದುಕೊಳ್ಳುವುದು ಈ ಲೆಕ್ಕದೊಳಗೆ. ಅವನಿಗೆ ಭಾಷೆಯೂ ಬಾರದು. ಆದರೆ ಇದು ಹೊಲದ ಒಂಟಿತನ, ಪಟ್ಟಣದ್ದು ಬೇರೆ. 1920ರ ಜನಗಣತಿಯಲ್ಲಿ ಮೊದಲ ಬಾರಿಗೆ ನಗರವಾಸಿಗಳು ಅರ್ಧಕ್ಕಿಂತ ಹೆಚ್ಚಾದರು. ಅಲ್ಲಿ ನಗರ ಎನ್ನಿಸಿಕೊಳ್ಳಲು 2,500 ಜನ ಸಾಕಿತ್ತು. ಊರಿನ ಚುರುಕು ಹುಡುಗರು ರೈಲು ಹತ್ತಿ ಹೋಗುತ್ತಿದ್ದ ಆ ಹೊತ್ತಿನಲ್ಲೇ ಈ ಪುಸ್ತಕಗಳೂ ಬಂದವು. ಜಾರ್ಜ್ ಕೊನೆಗೆ ರೈಲು ಹತ್ತಿದಾಗ ಹೊರಟುಹೋಗುವುದು ಊರಿನ ಏಕೈಕ ಕಿವಿ.

ಸಿಂಕ್ಲೇರ್ ಲೂಯಿಸ್ ಅವರ ‘ಮೇನ್ ಸ್ಟ್ರೀಟ್’ ಬಂದದ್ದೂ ಅದೇ 1920ರಲ್ಲಿ. ನಿಜ ಹೇಳಬೇಕೆಂದರೆ ಈ ಕಾದಂಬರಿ ತೀರಾ ಉದ್ದ, ವ್ಯಂಗ್ಯ ಅರ್ಧದಲ್ಲೇ ದಣಿಯುತ್ತದೆ. ಆದರೂ ನಾಲ್ಕನೇ ಅಧ್ಯಾಯವನ್ನು ಬಿಡುವಂತಿಲ್ಲ. ಡಾಕ್ಟರನ್ನು ಮದುವೆಯಾಗಿ ಗೋಫರ್ ಪ್ರೇರಿಗೆ ಬಂದ ಕ್ಯಾರಲ್ ಕೆನ್ನಿಕಾಟ್ ಇಡೀ ಊರನ್ನು 32 ನಿಮಿಷದಲ್ಲಿ ಸುತ್ತಿ ಮುಗಿಸಿ ಎದೆಗುಂದುತ್ತಾಳೆ. ಅದೇ ದಿನ ಹಳ್ಳಿಯ ಹೊಲದಿಂದ ಕೆಲಸ ಹುಡುಕಿ ಬಂದ ಬೀ ಸೊರೆನ್ಸನ್ ಅದೇ ಬೀದಿ, ಅದೇ ಅಂಗಡಿಗಳನ್ನು ನೋಡಿ ಬೆರಗಾಗುತ್ತಾಳೆ. ಎರಡು ನಡಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟದ್ದರಿಂದ ಪರಕೀಯತೆ ಬೀದಿಯ ಗುಣವಲ್ಲ, ನೋಡುವವಳು ಎಲ್ಲಿಂದ ಬಂದಳು ಎಂಬುದಕ್ಕೆ ಸೇರಿದ್ದು ಎಂದು ವಿವರಣೆಯಿಲ್ಲದೆ ತಿಳಿಯುತ್ತದೆ. 1921ರಲ್ಲಿ ವಿಮರ್ಶಕ ಕಾರ್ಲ್ ವಾನ್ ಡೋರೆನ್ ಇಂಥ ಬರಹಗಳಿಗೆಲ್ಲ ‘ಹಳ್ಳಿಯ ವಿರುದ್ಧ ಬಂಡಾಯ’ ಎಂಬ ಹಣೆಪಟ್ಟಿ ಹಚ್ಚಿದರು. ಲೂಯಿಸ್‌ಗೆ ಅದು ಸ್ವಲ್ಪ ಒಪ್ಪುತ್ತದೆ, ಆಂಡರ್ಸನ್‌ಗೆ ಒಪ್ಪುವುದೇ ಇಲ್ಲ. ವೈನ್ಸ್‌ಬರ್ಗ್‌ನಲ್ಲಿ ಊರಿನ ಮೇಲೆ ಸಿಟ್ಟಿಲ್ಲ, ಸಂಕಟವಿದೆ.

ವಿಲಿಯಂ ಫಾಕ್ನರ್ ಅವರ ‘ಎ ರೋಸ್ ಫಾರ್ ಎಮಿಲಿ’ (1930) ಈ ವಿಷಯದಲ್ಲಿ ತಂತ್ರದ ಪಾಠದಂತಿದೆ. ಕಥೆ ಹೇಳುವವರು ‘ನಾವು’, ಅಂದರೆ ಜೆಫರ್ಸನ್ ಪಟ್ಟಣ. ಈ ‘ನಾವು’ಗೆ ಎಮಿಲಿ ಗ್ರಿಯರ್ಸನ್ ಬಗ್ಗೆ ತಿಳಿಯದ್ದಿಲ್ಲ: 1894ರಲ್ಲಿ ಅವಳ ತೆರಿಗೆ ಮನ್ನಾ ಆದದ್ದು, ಅವಳು ಪ್ರಿಯಕರ ಹೋಮರ್ ಬ್ಯಾರನ್ ಜೊತೆ ಗಾಡಿಯಲ್ಲಿ ತಿರುಗಿದ್ದು, ಪಾಷಾಣ ಕೊಂಡದ್ದು. ಯಾತಕ್ಕೆ ಬೇಕೆಂದು ಹೇಳಬೇಕು, ಕಾನೂನಿದೆ ಎನ್ನುತ್ತಾನೆ ಔಷಧಿ ಅಂಗಡಿಯವನು. ಅವಳು ಸುಮ್ಮನೆ ದಿಟ್ಟಿಸುತ್ತಾಳೆ. ಅವನೇ ‘ಇಲಿಗಳಿಗೆ’ ಎಂದು ಬರೆದು ಕಳಿಸುತ್ತಾನೆ. ಅವಳು ಸಾಯುತ್ತಾಳೆಂದು ಊರು ಅಂದಾಜು ಮಾಡುತ್ತದೆ, ಅದೇ ಒಳ್ಳೆಯದೆಂದೂ ಅಂದುಕೊಳ್ಳುತ್ತದೆ. ತಡೆಯಲು ಯಾರೂ ಹೋಗುವುದಿಲ್ಲ. ಮನೆಯಿಂದ ದುರ್ವಾಸನೆ ಬಂದಾಗ ನಾಲ್ವರು ಗಂಡಸರು ನಡುರಾತ್ರಿ ಕಳ್ಳರಂತೆ ಬಂದು ಸುಣ್ಣ ಚೆಲ್ಲಿ ಹೋಗುತ್ತಾರೆ, ಬಾಗಿಲು ತಟ್ಟುವುದಿಲ್ಲ. ಕೊನೆಯ ಕೋಣೆಯ ಭಯಾನಕ ದೃಶ್ಯಕ್ಕಾಗಿ ಈ ಕಥೆಯನ್ನು ನೆನಪಿಟ್ಟುಕೊಳ್ಳುವವರು ಸುಣ್ಣದ ರಾತ್ರಿಯನ್ನು ಮತ್ತೊಮ್ಮೆ ಓದಬೇಕು. ಕಥೆಯ ಗುಟ್ಟಿರುವುದು ಅಲ್ಲಿ.

ಕಾರ್ಸನ್ ಮೆಕಲರ್ಸ್ 23ನೇ ವಯಸ್ಸಿನಲ್ಲಿ ಪ್ರಕಟಿಸಿದ ‘ದ ಹಾರ್ಟ್ ಈಸ್ ಎ ಲೋನ್ಲಿ ಹಂಟರ್’ (1940) ಕೇಳುಗನ ಕೊರತೆಯನ್ನು ಅದರ ತುದಿಗೆ ಒಯ್ಯುತ್ತದೆ. ದಕ್ಷಿಣದ ಒಂದು ಹತ್ತಿ ಗಿರಣಿ ಪಟ್ಟಣ. ಜಾನ್ ಸಿಂಗರ್‌ಗೆ ಕಿವಿ ಕೇಳದು, ಮಾತಾಡುವುದಿಲ್ಲ, ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಾನೆ. ನಾಲ್ವರು, ಸಂಗೀತದ ಹುಚ್ಚಿನ ಹುಡುಗಿ ಮಿಕ್, ಕುಡುಕ ಹೋರಾಟಗಾರ ಬ್ಲೌಂಟ್, ಕರಿಯ ವೈದ್ಯ ಕೋಪ್‌ಲ್ಯಾಂಡ್, ಹೋಟೆಲಿನ ಬಿಫ್ ಬ್ರ್ಯಾನನ್, ಅವನ ಕೋಣೆಗೆ ಬಂದು ಎದೆ ಬಿಚ್ಚುತ್ತಾರೆ. ಅವನಿಗೆ ಎಲ್ಲ ಅರ್ಥವಾಗುತ್ತದೆಂದು ಒಬ್ಬೊಬ್ಬರೂ ನಂಬಿದ್ದಾರೆ. ಒಂದು ದಿನ ನಾಲ್ವರೂ ಒಟ್ಟಿಗೆ ಬಂದುಬಿಟ್ಟಾಗ ಯಾರಿಗೂ ಮಾತಿಲ್ಲ! ಒಬ್ಬರಿಗೊಬ್ಬರು ಸಿಗಬಹುದಾಗಿದ್ದ ಕೋಣೆಯಲ್ಲಿ ಎಲ್ಲರೂ ಸಿಂಗರ್‌ನ ಕಡೆಗೇ ತಿರುಗಿ ಕೂತಿರುತ್ತಾರೆ. ಸಿಂಗರ್‌ಗೋ ಇವರು ಒಗಟು. ಅವನ ಜೀವವಿರುವುದು ಹುಚ್ಚಾಸ್ಪತ್ರೆಯಲ್ಲಿರುವ ಗೆಳೆಯ ಅಂಟೋನಪೊಲಸ್‌ನಲ್ಲಿ; ಓದಲು ಬಾರದ ಆ ಗೆಳೆಯನಿಗೆ ಇವನು ಕಾಗದ ಬರೆಯುತ್ತಾನೆ. ಗೆಳೆಯ ಸತ್ತ ಸುದ್ದಿ ತಿಳಿದ ಮೇಲೆ ಸಿಂಗರ್ ಗುಂಡು ಹೊಡೆದುಕೊಳ್ಳುತ್ತಾನೆ. ಉಳಿದ ನಾಲ್ವರಿಗೆ ಕಾರಣ ಹೊಳೆಯುವುದೇ ಇಲ್ಲ.

ಈ ಪರಂಪರೆಯ ಬಹುಪಾಲು ಒಂಟಿತನ ಬಿಳಿಯರದ್ದು ಎನ್ನುವುದನ್ನು ಮರೆತು ಓದುವವರೇ ಹೆಚ್ಚು. ಕತ್ತಲಾಗುವ ಮುನ್ನ ಕರಿಯರು ಊರು ಬಿಡಬೇಕೆಂಬ ಕಟ್ಟಳೆಯ ಪಟ್ಟಣಗಳು ಅಮೆರಿಕದಲ್ಲಿ ಬೇಕಾದಷ್ಟಿದ್ದವು. ಅಂಥಲ್ಲಿ ಕೆಲವರಿಗೆ ಒಂಟಿಯಾಗಿರಲೂ ಜಾಗವಿರಲಿಲ್ಲ. ಮೆಕಲರ್ಸ್ ಇದನ್ನು ಬಲ್ಲರು: ಜೈಲಿನಲ್ಲಿ ಕಾಲು ಕಳೆದುಕೊಂಡ ಮಗನ ಪರವಾಗಿ ನ್ಯಾಯಾಧೀಶರನ್ನು ಕಾಣಲು ಹೋದ ಡಾಕ್ಟರ್ ಕೋಪ್‌ಲ್ಯಾಂಡ್‌ಗೆ ಸಿಗುವುದು ಏಟು ಮತ್ತು ಲಾಕಪ್ಪು. ಇಲ್ಲಿ ಕೇಳದಿರುವುದು ಒಬ್ಬರ ಸ್ವಭಾವವಲ್ಲ, ವ್ಯವಸ್ಥೆ. ಮೆರಿಲಿನ್ ರಾಬಿನ್‌ಸನ್ ಅವರ ‘ಗಿಲಿಯಡ್’ (2004) 1956ರ ಅಯೋವಾದಲ್ಲಿ ನಡೆಯುತ್ತದೆ. ಗುಲಾಮಗಿರಿಯ ವಿರೋಧಿಗಳು ಕಟ್ಟಿದ ಊರು, ಆದರೆ ಕರಿಯರ ಚರ್ಚಿಗೆ ಬೆಂಕಿ ಬಿದ್ದು ಅವರೆಲ್ಲ ಹೊರಟುಹೋಗಿ ವರ್ಷಗಳಾಗಿವೆ. ಪಾದ್ರಿಯ ಮಗ ಜ್ಯಾಕ್ ಬೌಟನ್‌ಗೆ ಕರಿಯ ಹೆಂಡತಿ, ಒಂದು ಮಗು. ಈ ಸುದ್ದಿಯನ್ನು ಅವನು ಹೇಳಿಕೊಳ್ಳುವುದು ತಂದೆಗಲ್ಲ, ತನ್ನನ್ನು ಎಂದೂ ನಂಬದ ಇನ್ನೊಬ್ಬ ಮುದಿ ಪಾದ್ರಿ ಏಮ್ಸ್‌ಗೆ.

ಈ ಬಗೆಯ ಕಥೆ ಬರೆಯಲು ಹೊರಟವರು ಎಡವುವುದು ಎರಡು ಕಡೆ. ಒಂದು, ಒಂಟಿತನವನ್ನು ಹವಾಮಾನಕ್ಕೆ ವಹಿಸಿಬಿಡುವುದು: ಮಂಜು, ತುಕ್ಕು ಹಿಡಿದ ಬೋರ್ಡು, ಮುಚ್ಚಿದ ಸಿನಿಮಾ ಮಂದಿರ. ಇವನ್ನು ತೆಗೆದುಹಾಕಿ ನೋಡಬೇಕು. ಆಮೇಲೂ ಪಾತ್ರ ಒಂಟಿಯಾಗಿದ್ದರೆ ಕಥೆ ಗಟ್ಟಿ. ಇನ್ನೊಂದು, ಇದೇ ಹೆಚ್ಚು ಕೆಡಿಸುವುದು, ಪಾತ್ರಕ್ಕೆ ತನ್ನ ನೋವನ್ನು ಪೂರ್ತಿ ವಾಕ್ಯಗಳಲ್ಲಿ ಹೇಳಿಕೊಳ್ಳಲು ಬಿಡುವುದು. ವೈನ್ಸ್‌ಬರ್ಗ್‌ನ ‘ವಿಚಿತ್ರ’ ಕಥೆಯ ಎಲ್ಮರ್ ಕೌಲಿ ರೈಲು ನಿಲ್ದಾಣದಲ್ಲಿ ಜಾರ್ಜ್‌ಗೆ ತಾನು ವಿಚಿತ್ರದವನಲ್ಲ ಎಂದು ಹೇಳಬೇಕೆಂದೇ ಬಂದವನು. ಮಾತು ಹೊರಡದೆ ಅವನ ಮುಖ ಮೂತಿ ನೋಡದೆ ಗುದ್ದಿ, ಚಲಿಸುವ ರೈಲು ಹತ್ತಿ ಹೋಗುತ್ತಾನೆ. ಅಲ್ಲಿ ಅರ್ಧ ಪುಟದ ಸಂಭಾಷಣೆ ಇಟ್ಟಿದ್ದರೆ ಕಥೆ ಸತ್ತಂತೆ.

ಕೇಳುಗ ಸರಿಯಾಗಿಯೇ ಸಿಕ್ಕರೆ ಏನಾಗುತ್ತದೆ ಎಂದು ಬರೆದವರು ಕೆಂಟ್ ಹ್ಯಾರಫ್. ‘ಅವರ್ ಸೋಲ್ಸ್ ಅಟ್ ನೈಟ್’ (2015), ಅವರು ತೀರಿಕೊಂಡ ಮೇಲೆ ಬಂದ ಕಿರು ಕಾದಂಬರಿ. ಕೊಲೊರಾಡೊದ ಹೋಲ್ಟ್ ಎಂಬ ಕಲ್ಪಿತ ಊರು. ವಿಧವೆ ಆ್ಯಡಿ ಮೂರ್ ನೆರೆಯ ವಿಧುರ ಲೂಯಿಸ್‌ನ ಮನೆಗೆ ಹೋಗಿ, ರಾತ್ರಿ ಬಂದು ನನ್ನ ಪಕ್ಕ ಮಲಗಿ ಮಾತಾಡುತ್ತೀಯಾ ಎಂದು ಕೇಳುತ್ತಾಳೆ. ಅವನು ಹಿತ್ತಿಲ ಬಾಗಿಲಿಂದ ಬರುತ್ತಾನೆ. ಮುಂಬಾಗಿಲಿಂದಲೇ ಬಾ ಅನ್ನುತ್ತಾಳೆ ಅವಳು. ಕತ್ತಲಲ್ಲಿ ಇಬ್ಬರೂ ಮಾತಾಡುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ. ಊರು ಆಡಿಕೊಳ್ಳುತ್ತದೆ, ಅದನ್ನು ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಲಾಗದ್ದು ಆ್ಯಡಿಯ ಮಗನ ಹಟ. ಕೊನೆಗೆ ಉಳಿಯುವುದು ಕದ್ದು ಮಾಡುವ ಫೋನ್ ಮಾತು.

ಓದುವ ಕ್ರಮದ ಬಗ್ಗೆ: ‘ವೈನ್ಸ್‌ಬರ್ಗ್’ ಮತ್ತು ‘ಮೇನ್ ಸ್ಟ್ರೀಟ್’ ಎರಡೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ವೈನ್ಸ್‌ಬರ್ಗ್‌ನಲ್ಲಿ ‘ಕೈಗಳು’, ‘ತಾಯಿ’, ‘ಸಾಹಸ’, ‘ವಿಚಿತ್ರ’, ‘ಸಾವು’, ಆಮೇಲೆ ‘ನಿರ್ಗಮನ’ ಓದಿ. ನಾಲ್ಕು ಭಾಗಗಳ ‘ದೈವಭಕ್ತಿ’ಯನ್ನು ಮೊದಲ ಓದಿನಲ್ಲಿ ಬಿಟ್ಟರೆ ನಷ್ಟವಿಲ್ಲ, ಅದು ಬೇರೆಯದೇ ಪುಸ್ತಕದಿಂದ ಬಂದಂತಿದೆ. ಫಾಕ್ನರ್ ಕಥೆಗೆ ಒಂದು ಸಂಜೆ ಸಾಕು, ಆದರೆ ಘಟನೆಗಳು ಹಿಂದುಮುಂದಾಗಿರುವುದರಿಂದ ಕಾಲಾನುಕ್ರಮವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು: ಮೊದಲು ಪಾಷಾಣ, ಆಮೇಲೆ ವಾಸನೆ. ಮೆಕಲರ್ಸ್ ಕಾದಂಬರಿಗೆ ಪುರುಸೊತ್ತು ಬೇಕು. ಹ್ಯಾರಫ್ ಸಂಭಾಷಣೆಗೆ ಉದ್ಧರಣ ಚಿಹ್ನೆ ಹಾಕುವುದಿಲ್ಲ, ಯಾರ ಮಾತು ಯಾರದ್ದೆಂದು ಶುರುವಿನಲ್ಲಿ ತಡವರಿಸುವಂತಾಗುತ್ತದೆ. ಮೊದಲ ಹತ್ತು ಪುಟ ಗಟ್ಟಿಯಾಗಿ ಓದಿಕೊಂಡರೆ ಆ ತೊಂದರೆ ಇರುವುದಿಲ್ಲ.