ಆಕ್ಸಿಯಾನ್‌ಗೂ ಕ್ವಾರ್ಕ್‌ಗಳ ದ್ರವ್ಯರಾಶಿಗೂ ಏನು ನಂಟು?

ಆಕ್ಸಿಯಾನ್ ಎಂಬುದು ಇನ್ನೂ ಕಾಣಸಿಗದ, ಊಹೆಯ ಕಣ. ಅದು ಬಂದದ್ದು ಪ್ರೋಟಾನ್, ನ್ಯೂಟ್ರಾನ್‌ಗಳೊಳಗೆ ಕ್ವಾರ್ಕ್ ಎಂಬ ಮೂಲಕಣಗಳನ್ನು ಹಿಡಿದಿಡುವ ಪ್ರಬಲ ಬಲದ ತೊಡಕು ಬಿಡಿಸಲು. ಕ್ವಾರ್ಕ್‌ಗಳ ದ್ರವ್ಯರಾಶಿಯ ಏರುಪೇರು ಬೇರೆಯೇ ಸಮಸ್ಯೆ. ಎರಡಕ್ಕೂ ಒಂದೇ ಸಮ್ಮಿತಿ ಸಾಕೇ ಎಂದು ಬಹಳ ಜನ ಕೇಳುತ್ತಾರೆ. ಸಾಕಾಗಬಹುದು, ಆದರೆ ಪುಕ್ಕಟೆಯಾಗಿ ಅಲ್ಲ.

ಪ್ರಬಲ ಬಲದ ಸಮೀಕರಣದಲ್ಲಿ ಥೀಟಾ ಎಂಬ ಕೋನವಿದೆ. ನ್ಯೂಟ್ರಾನ್ ಅಳತೆಗಳ ಪ್ರಕಾರ ಅದು 10⁻¹⁰ಕ್ಕಿಂತ ಚಿಕ್ಕದು; ಇಷ್ಟು ಚಿಕ್ಕದೇಕೆ ಎಂಬುದೇ ಆ ತೊಡಕು. ಪೆಚ್ಚೈ ಮತ್ತು ಕ್ವಿನ್ 1977ರಲ್ಲಿ ಸೂಚಿಸಿದ ಸಮ್ಮಿತಿಯಲ್ಲಿ ಈ ಕೋನವೇ ಒಂದು ಕ್ಷೇತ್ರವಾಗಿ ತಾನಾಗಿ ಸೊನ್ನೆಗೆ ಜಾರುತ್ತದೆ. ಅದರ ಕಣ ಆಕ್ಸಿಯಾನ್.

ಫ್ರಾಗಟ್ ಮತ್ತು ನೀಲ್ಸನ್ 1979ರಲ್ಲಿ ಹೇಳಿದ್ದು ಇನ್ನೊಂದು: ಪ್ರತಿ ಕ್ವಾರ್ಕ್‌ಗೂ ಒಂದು ಹೊಸ ಆವೇಶ ಕೊಡಿ. ಕಣಗಳಿಗೆ ದ್ರವ್ಯರಾಶಿ ಕೊಡುವ ಹಿಗ್ಸ್ ಕ್ಷೇತ್ರಕ್ಕೆ ಸೊನ್ನೆ, ಫ್ಲೇವಾನ್ ಎಂಬ ಕ್ಷೇತ್ರಕ್ಕೆ −1. ದ್ರವ್ಯರಾಶಿಯ ಪದದಲ್ಲಿ ಆವೇಶ ಸರಿದೂಗಲು ಎಷ್ಟು ಫ್ಲೇವಾನ್ ಬೇಕೋ ಅಷ್ಟು ಬಾರಿ 0.22ರಿಂದ (ಪ್ರತಿ ಫ್ಲೇವಾನ್ ತರುವ ಚಿಕ್ಕ ಅಂಶ) ಗುಣಿಸಬೇಕು. ಕ್ವಾರ್ಕ್‌ಗಳು ಮೂರು ತಲೆಮಾರಿನ ಜೋಡಿಗಳು: ಅಪ್–ಡೌನ್, ಚಾರ್ಮ್–ಸ್ಟ್ರೇಂಜ್, ಟಾಪ್–ಬಾಟಮ್. ಪ್ರತಿಯೊಂದಕ್ಕೂ ಗಿರಕಿಯ ದಿಕ್ಕಿನಂತೆ ಎಡಗೈ, ಬಲಗೈ ಎಂಬ ಎರಡು ರೂಪ. ಉದಾಹರಣೆಗೆ ಮೂರು ತಲೆಮಾರಿನ ಎಡಗೈ ಜೋಡಿಗಳಿಗೆ 3, 2, 0 ಇಡಿ. ಬಲಗೈ ಕಣಗಳನ್ನು ಪ್ರತಿಕಣ ರೂಪದಲ್ಲಿ ಎಣಿಸಿ ಅಪ್ ಬಗೆಗೆ 5, 2, 0, ಡೌನ್ ಬಗೆಗೆ 4, 3, 3 ಇಡಿ. ಆಗ ಟಾಪ್‌ಗೆ 0, ಚಾರ್ಮ್‌ಗೆ 4, ಅಪ್‌ಗೆ 8 ಫ್ಲೇವಾನ್. 0.22ರ 4ನೇ ಘಾತ 0.0023, ಚಾರ್ಮ್–ಟಾಪ್ ಅನುಪಾತ ನಿಜಕ್ಕೂ ಸುಮಾರು 0.0036. ಉಳಿದ ವ್ಯತ್ಯಾಸವನ್ನು 1ರ ಆಸುಪಾಸಿನ ಗುಣಾಂಕಗಳು ತುಂಬುತ್ತವೆ. (ಗುಣಾಂಕ 30 ಬೇಕೆನಿಸಿದರೆ ಆವೇಶಗಳನ್ನೇ ಬದಲಿಸಿ.)

ಈಗ ಎಲ್ಲ ಘಾತಗಳನ್ನೂ ಕೂಡಿಸಿ: ಅಪ್ ಬಗೆಯಿಂದ 12, ಡೌನ್ ಬಗೆಯಿಂದ 15, ಒಟ್ಟು 27. ಫ್ಲೇವಾನ್‌ನ ಫೇಸ್ (ಕೋನ) ಒಂದು ಸುತ್ತು ಬಂದರೆ ಥೀಟಾ 27 ಸುತ್ತು ಬರುತ್ತದೆ. ಅಂದರೆ ಆ ಫೇಸ್ ಪ್ರಬಲ ಬಲವನ್ನು ಸಾಗಿಸುವ ಗ್ಲುಆನ್‌ಗಳಿಗೆ ಅಂಟಿಕೊಂಡಿದೆ, ಅದೇ ಆಕ್ಸಿಯಾನ್. ಇಲ್ಲಿ ಹಗುರ ಕ್ವಾರ್ಕ್‌ಗಳಿರುವುದರಿಂದಲೇ ಈ ಮೊತ್ತ ಸೊನ್ನೆಯಾಗದು.

ಆದರೆ ಆ 27 ತೊಂದರೆಯನ್ನೂ ತರುತ್ತದೆ. ಆಕ್ಸಿಯಾನ್‌ಗೆ 27 ಸಮಾನ ತಳಗಳು (ಅತಿ ಕಡಿಮೆ ಶಕ್ತಿಯ ನೆಲೆಗಳು) ಸಿಗುತ್ತವೆ. ಬ್ರಹ್ಮಾಂಡದ ಆರಂಭದ ಅತಿವೇಗದ ಹಿಗ್ಗುವಿಕೆ (ಇನ್‌ಫ್ಲೇಶನ್) ಮುಗಿದ ಮೇಲೆ ಸಮ್ಮಿತಿ ಮುರಿದರೆ, ತಳಗಳ ನಡುವಿನ ಗೋಡೆಗಳು ಕರಗದೆ ಉಳಿಯುತ್ತವೆ. ಹಾಗಾಗಿ ಅದು ಮೊದಲೇ ಮುರಿದಿರಬೇಕು.

ಪ್ರಯೋಗದಲ್ಲಿ ಪರೀಕ್ಷಿಸಬಹುದಾದ ತೊಡಕು ಇನ್ನೊಂದು. ಮೊದಲೆರಡು ತಲೆಮಾರಿನ ಆವೇಶ ಬೇರೆ ಬೇರೆಯಾದ್ದರಿಂದ ಸ್ಟ್ರೇಂಜ್ ಕ್ವಾರ್ಕ್ ಆಕ್ಸಿಯಾನ್ ಹೊರಹಾಕಿ ಡೌನ್ ಆಗಬಹುದು. ಆಗ ಕೇಯಾನ್ (ಸ್ಟ್ರೇಂಜ್ ಕ್ವಾರ್ಕ್ ಇರುವ ಕಣ) ಒಡೆದು ಅದಕ್ಕಿಂತ ಹಗುರವಾದ ಪಯಾನ್ ಮತ್ತು ಕಾಣದ ಆಕ್ಸಿಯಾನ್ ಆಗುತ್ತದೆ. ನಿಶ್ಚಲ ಕೇಯಾನ್ ಆದರೆ ಪಯಾನ್‌ನ ಸಂವೇಗ ಪ್ರತಿಬಾರಿಯೂ 227 ಎಂಇವಿ. ಎರಡು ನ್ಯೂಟ್ರಿನೋ ಹೊರಬೀಳುವ ಕ್ಷಯದಲ್ಲಿ ಆ ಸಂವೇಗ ಹರಡಿಕೊಳ್ಳುತ್ತದೆ. 10¹⁰ರಲ್ಲಿ ಒಂದರಷ್ಟು ಅಪರೂಪದ ಈ ಕ್ಷಯವನ್ನು ಸರ್ನ್‌ನ ಎನ್‌ಎ62 ಪ್ರಯೋಗ ಕಂಡಿದೆ. ಆಕ್ಸಿಯಾನ್ ಮಾತ್ರ ಸಿಕ್ಕಿಲ್ಲ.

ಮೊದಲೆರಡು ತಲೆಮಾರುಗಳನ್ನು ಯು(2) ಎಂಬ, ಎರಡನ್ನೂ ಒಂದೇ ಜೋಡಿಯಾಗಿ ಕಾಣುವ ಸಮ್ಮಿತಿಯಲ್ಲಿ ಜೋಡಿಸಿದರೆ ಆಕ್ಸಿಯಾನ್ ಹೊರಬೀಳುವ ಕೇಯಾನ್ ಕ್ಷಯ ತಗ್ಗುತ್ತದೆ. ಆಗ ಹುಡುಕಬೇಕಾದದ್ದು ಬಾಟಮ್ ಕ್ವಾರ್ಕ್ ಇರುವ ಬಿ ಮೇಸಾನ್‌ಗಳಲ್ಲಿ; ಅಲ್ಲಿನ ಮಿತಿಗಳು ಇನ್ನೂ ಬಹಳ ಸಡಿಲ.